ರಸ್ತೆ ನಿರ್ವಹಣೆ ಮತ್ತು ಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ: ಕರ್ನಾಟಕ

ಊರೊಳಗಿನ ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು, ಕಸ ವಿಲೇವಾರಿ ಇವೆಲ್ಲ ಬಹುಮಟ್ಟಿಗೆ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮತ್ತು ಮಹಾನಗರ ಪಾಲಿಕೆಗಳ ಹೊಣೆ. ಕೆಲಸ ಆಗಿದೆಯೇ, ಆದದ್ದು ಅಂದಾಜು ಪಟ್ಟಿಯಂತೆ ಇದೆಯೇ, ಇಲ್ಲದಿದ್ದರೆ ಉತ್ತರ ಕೊಡಬೇಕಾದವರು ಯಾರು ಎಂದು ನೋಡಿಕೊಳ್ಳುವ ಏರ್ಪಾಡುಗಳನ್ನು ಒಟ್ಟಾಗಿ ಸ್ಥಳೀಯ ಸೇವೆಗಳ ಮೇಲ್ವಿಚಾರಣೆ ಎನ್ನಬಹುದು. ಚುನಾಯಿತ ಸದಸ್ಯರ ಸಾಮಾನ್ಯ ಸಭೆ, ಸ್ಥಾಯಿ ಸಮಿತಿ, ಗ್ರಾಮಸಭೆ, ವಾರ್ಡ್ ಸಮಿತಿ, ಜಮಾಬಂದಿ, ಲೆಕ್ಕಪರಿಶೋಧನೆ, ಲೋಕಾಯುಕ್ತ, ನ್ಯಾಯಾಲಯ, ಮೊಬೈಲ್ ಆ್ಯಪ್‌ನಲ್ಲಿ ಸಲ್ಲಿಸುವ ದೂರು ಎಲ್ಲವೂ ಇದರೊಳಗೆ ಬರುತ್ತವೆ. ಕರ್ನಾಟಕದಲ್ಲಿ ಇವುಗಳಿಗೆ ಕೊರತೆಯಿಲ್ಲ. ಆದರೂ ಒಂದು ಮಳೆಗಾಲಕ್ಕೆ ಡಾಂಬರು ಕಿತ್ತುಹೋಗುವುದು, ಅದೇ ರಸ್ತೆಗೆ ಮತ್ತೆ ಟೆಂಡರ್ ಕರೆಯುವುದು ನಿಂತಿಲ್ಲ. ಕಾರಣ ಹುಡುಕುತ್ತಾ ಹೋದರೆ ಒಂದು ಅಂಶ ಎದ್ದು ಕಾಣುತ್ತದೆ. ಈ ಏರ್ಪಾಡುಗಳಲ್ಲಿ ಹೆಚ್ಚಿನವು ಎಚ್ಚೆತ್ತುಕೊಳ್ಳುವುದು ಹಣ ಪಾವತಿಯಾದ ಮೇಲೆ. ರಸ್ತೆಯ ವಿಚಾರದಲ್ಲಿ ಆ ಹೊತ್ತಿಗೆ ಸಾಕ್ಷ್ಯ ಡಾಂಬರಿನ ಅಡಿ ಹೂತುಹೋಗಿರುತ್ತದೆ, ದಾಖಲೆ ಕಚೇರಿಯ ಬೀರು ಸೇರಿರುತ್ತದೆ. ರಸ್ತೆ ಯಾರದೆಂಬ ಸ್ಪಷ್ಟತೆ, ಅದರ ಲೆಕ್ಕ ಎಲ್ಲರ ಕೈಗೆ ಸಿಗುವ ವ್ಯವಸ್ಥೆ, ಬಿಲ್ಲಿಗೆ ಸಹಿ ಬೀಳುವ ಮೊದಲೇ ತಡೆಯಬಲ್ಲ ಅಧಿಕಾರ ಈ ಮೂರೂ ಒಂದೆಡೆ ಕೂಡಿದಾಗಲಷ್ಟೇ ಮೇಲ್ವಿಚಾರಣೆಗೆ ಬಲ ಬರುತ್ತದೆ ಎಂಬುದನ್ನು ರಾಜ್ಯದ ಅನುಭವ ತೋರಿಸುತ್ತದೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಪುರಸಭಾ ಆಡಳಿತ ಆರಂಭವಾದದ್ದು 1862ರಲ್ಲಿ. ಪೇಟೆಗೊಂದು, ದಂಡು ಪ್ರದೇಶಕ್ಕೊಂದು ಎಂದು ಎರಡು ಮಂಡಳಿಗಳಿದ್ದವು. ಇವೆರಡೂ ಒಂದೇ ಪಾಲಿಕೆಯಾದದ್ದು 1949ರಲ್ಲಿ. 1882ರಲ್ಲಿ ವೈಸರಾಯ್ ರಿಪ್ಪನ್ ಹೊರಡಿಸಿದ ನಿರ್ಣಯ ಸ್ಥಳೀಯ ಮಂಡಳಿಗಳಲ್ಲಿ ಅಧಿಕಾರಿಗಳಲ್ಲದವರೇ ಹೆಚ್ಚಿರಬೇಕೆಂದು ಹೇಳಿತು. ಅದರ ಬೆನ್ನಿಗೇ ಬಂದ 1884ರ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳ ಸ್ಥಳೀಯ ಮಂಡಳಿ ಕಾಯ್ದೆಗಳು ದಕ್ಷಿಣ ಕನ್ನಡ, ಬಳ್ಳಾರಿ, ಧಾರವಾಡ, ಬೆಳಗಾವಿ ಮುಂತಾದ ಜಿಲ್ಲೆಗಳಿಗೂ ಅನ್ವಯಿಸಿದವು. ರಸ್ತೆಗೆ ಮಣ್ಣು ಹಾಕಿಸುವುದು, ಮೋರಿ ಕಟ್ಟಿಸುವುದು ಈ ಮಂಡಳಿಗಳ ಪ್ರಮುಖ ಕೆಲಸವಾಗಿತ್ತು. ಮೋಟಾರು ವಾಹನಗಳು ಹೆಚ್ಚಿದಂತೆ ಆ ಹೊರೆ ಸ್ಥಳೀಯ ಮಂಡಳಿಗಳ ಶಕ್ತಿಗೆ ಮೀರಿತು. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಶಿಫಾರಸಿನಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪನೆಯಾಯಿತು. 1943ರ ನಾಗಪುರ ಯೋಜನೆ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿತು. ಇಂದಿಗೂ ರಸ್ತೆಯ ಹೊಣೆ ಹಂಚಿಕೆಯಾಗುವುದು ಈ ವಿಂಗಡಣೆಯ ಮೇಲೆಯೇ. ಹಣ ಮತ್ತು ತಾಂತ್ರಿಕ ಪರಿಣತಿ ಮೇಲಿನ ಹಂತಗಳಿಗೆ ಸರಿದವು. ಗುಂಡಿ ಬಿದ್ದಾಗ ಬೈಸಿಕೊಳ್ಳುವ ಪಾಲು ಮಾತ್ರ ಊರ ಸಂಸ್ಥೆಗಳಿಗೇ ಉಳಿಯಿತು.

ಈ ದಿಕ್ಕನ್ನು ತಿರುಗಿಸುವ ಗಂಭೀರ ಪ್ರಯತ್ನ ನಡೆದದ್ದು ಕರ್ನಾಟಕದಲ್ಲೇ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದಿತು. ಅವಕ್ಕೆ ಚುನಾವಣೆ ನಡೆದದ್ದು 1987ರಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಡಲಾಯಿತು, ಜಿಲ್ಲಾ ಮಟ್ಟದ ಇಲಾಖೆಗಳು ಅವರ ಮುಂದೆ ಉತ್ತರ ಹೇಳಬೇಕಾಯಿತು. ಎಂಜಿನಿಯರ್ ಯಾರಿಗೆ ವರದಿ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಆ ಅವಧಿಯಲ್ಲಿ ಒಂದೇ ಉತ್ತರವಿತ್ತು. ಮುಂದೆ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಈ ಪ್ರಯೋಗದ ಹಲವು ಅಂಶಗಳು ಇಡೀ ದೇಶದ ಕಾನೂನಾದವು. ಆದರೆ ಅಧಿಕಾರ ಹಂಚಿಕೆಯ ಪ್ರಮಾಣವನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದರಿಂದ, 1987ರ ಉತ್ತರ ಮತ್ತೆ ಮಸುಕಾಯಿತು.

ಕಾನೂನಿನ ಚೌಕಟ್ಟು

ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯಿತಿಗಳಿಗೆ 29 ವಿಷಯಗಳನ್ನೂ ಹನ್ನೆರಡನೆಯ ಅನುಸೂಚಿ ನಗರ ಸಂಸ್ಥೆಗಳಿಗೆ 18 ವಿಷಯಗಳನ್ನೂ ಪಟ್ಟಿ ಮಾಡಿವೆ. ರಸ್ತೆ ಮತ್ತು ಸೇತುವೆ ಎರಡರಲ್ಲೂ ಇವೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಸಾರ್ವಜನಿಕ ಬೀದಿ, ಚರಂಡಿ, ನೀರು, ಬೀದಿದೀಪಗಳ ನಿರ್ವಹಣೆಯನ್ನು ಗ್ರಾಮ ಪಂಚಾಯಿತಿಯ ಕರ್ತವ್ಯವೆನ್ನುತ್ತದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲೂ ಕಡ್ಡಾಯ ಕರ್ತವ್ಯಗಳ ಪಟ್ಟಿ 58ನೇ ಪ್ರಕರಣದಲ್ಲೇ ಇದೆ. ಸಣ್ಣ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆ ಅನ್ವಯ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಖರೀದಿ ಮತ್ತು ಕಾಮಗಾರಿಗಳ ಟೆಂಡರ್‌ಗೆ 1999ರ ಪಾರದರ್ಶಕತಾ ಕಾಯ್ದೆ ಇದೆ. ಜನ ಅದನ್ನು ಕೆಟಿಪಿಪಿ ಎಂದೇ ಕರೆಯುತ್ತಾರೆ. ಅಕ್ರಮದ ತನಿಖೆಗೆ 1984ರ ಲೋಕಾಯುಕ್ತ ಕಾಯ್ದೆ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಪ್ರಕರಣ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದ ಪ್ರಾಧಿಕಾರ, ಗುತ್ತಿಗೆದಾರ ಮತ್ತು ಸಲಹೆಗಾರರಿಗೆ ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಇಷ್ಟು ಕಾನೂನುಗಳ ಪೈಕಿ ಕೆಲವು ಟೆಂಡರ್ ಹಂತವನ್ನು ಕಾಯುತ್ತವೆ, ಉಳಿದವು ಅಪಘಾತ ಅಥವಾ ಅಕ್ರಮದ ನಂತರದ ಹಂತವನ್ನು. ಕಾಮಗಾರಿ ಮುಗಿದು ಬಿಲ್ ಬರೆಯುವ ಕೆಲವು ವಾರಗಳು ಮಾತ್ರ ಹೊರಗಿನವರ ಕಣ್ಣಿಗೆ ಬೀಳದೆ ಕಳೆದುಹೋಗುತ್ತವೆ.

ರಸ್ತೆ ಯಾರದು

ಒಂದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಿಂದ ಎರಡು ಕಿಲೋಮೀಟರ್ ನಡೆದರೆ ಮೂರು ಒಡೆತನದ ರಸ್ತೆಗಳನ್ನು ದಾಟಬೇಕಾಗಬಹುದು. ಊರ ಮಧ್ಯದ ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಲೋಕೋಪಯೋಗಿ ಇಲಾಖೆಯದು, ಅಡ್ಡರಸ್ತೆ ಪುರಸಭೆಯದು, ಊರಾಚೆ ಹಳ್ಳಿಗೆ ಹೋಗುವ ದಾರಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದಲೋ ವಿಶೇಷ ಅನುದಾನದಿಂದಲೋ ಆದ ಕಾಂಕ್ರೀಟ್ ರಸ್ತೆಯನ್ನು ಕೆಆರ್‌ಐಡಿಎಲ್‌ನಂಥ ಸರ್ಕಾರಿ ನಿಗಮವೊಂದು ಮಾಡಿ ಹೋಗಿರಬಹುದು; ಅದರ ಕಡತ ಪುರಸಭೆಯಲ್ಲಿ ಇರಲೇಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ ಇದರ ಮೇಲೆ ಜಲಮಂಡಳಿ, ಬೆಸ್ಕಾಂ, ಅನಿಲ ಕೊಳವೆ ಮತ್ತು ಕೇಬಲ್ ಕಂಪನಿಗಳ ಅಗೆತ ಸೇರಿಕೊಳ್ಳುತ್ತದೆ. ಅಗೆತಕ್ಕೆ ಅನುಮತಿ, ಶುಲ್ಕ ಎರಡೂ ಇವೆ; ಅಗೆದ ಜಾಗವನ್ನು ಮುಚ್ಚಿ ಮೊದಲಿನ ಹದಕ್ಕೆ ತರುವುದನ್ನು ನಿಂತು ನೋಡುವವರು ಕಡಿಮೆ. ಹೊಸ ರಸ್ತೆ ಎರಡು ವರ್ಷದೊಳಗೆ ಹಾಳಾದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂಬಂಥ ಷರತ್ತು ಒಪ್ಪಂದಗಳಲ್ಲಿ ಇರುತ್ತದೆ. ಆದರೆ ನಡುವೆ ಒಮ್ಮೆ ಕೇಬಲ್‌ಗೆ ಅಗೆದರೆ ಆ ಹೊಣೆ ಕೈಜಾರುತ್ತದೆ. ‘ನಾನು ಮಾಡಿದ ರಸ್ತೆ ಸರಿಯಿತ್ತು, ಅಗೆದವರು ಕೆಡಿಸಿದರು’ ಎಂಬ ವಾದಕ್ಕೆ ಉತ್ತರ ಕೊಡಲು ರಸ್ತೆಯ ಪೂರ್ವಾಪರದ ದಾಖಲೆ ಬೇಕು. ಯಾವ ರಸ್ತೆ ಯಾವಾಗ ಆಯಿತು, ಯಾರು ಮಾಡಿದರು, ಯಾರು ಅಗೆದರು ಎಂಬುದು ಒಂದೇ ಪಟ್ಟಿಯಲ್ಲಿ ಸಿಗದ ತನಕ ದೋಷ ಬಾಧ್ಯತಾ ಅವಧಿ ಎಂಬ ಷರತ್ತು ಕಾಗದದಲ್ಲೇ ಉಳಿಯುತ್ತದೆ.

ಗುಂಡಿ ಮತ್ತು ಅಳತೆ ಪುಸ್ತಕ

ಗುಂಡಿ ಹುಟ್ಟುವ ರೀತಿ ನೋಡಿದರೆ ಯಾವ ಹಂತದಲ್ಲಿ ಕಣ್ಣಿಡಬೇಕು ಎಂಬುದು ತಿಳಿಯುತ್ತದೆ. ಡಾಂಬರಿನ ಮೇಲ್ಪದರದಲ್ಲಿ ಮೊದಲು ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಪಕ್ಕದ ಚರಂಡಿ ಕಟ್ಟಿಕೊಂಡಿದ್ದರೆ ಮಳೆನೀರು ರಸ್ತೆಯ ಮೇಲೇ ನಿಂತು ಆ ಬಿರುಕಿನೊಳಗೆ ಇಳಿಯುತ್ತದೆ. ಕೆಳಗಿನ ಜಲ್ಲಿ ಮತ್ತು ಮಣ್ಣಿನ ಪದರ ನೀರು ಕುಡಿದು ಸಡಿಲವಾಗುತ್ತದೆ; ಲಾರಿಯ ಚಕ್ರ ಹಾದಾಗಲೆಲ್ಲ ಒತ್ತಡಕ್ಕೆ ಸಣ್ಣ ಪುಡಿ ನೀರಿನೊಂದಿಗೆ ಹೊರಚಿಮ್ಮುತ್ತದೆ, ಜಲ್ಲಿಗೆ ಅಂಟಿದ ಡಾಂಬರು ಬಿಡುತ್ತದೆ, ಮೇಲ್ಪದರ ಕುಸಿಯುತ್ತದೆ. ಹಾಗಾಗಿ ಗುಂಡಿಯ ಮೂಲ ಹಲವು ಸಲ ಚರಂಡಿಯಲ್ಲಿದೆ, ಪದರದ ದಪ್ಪದಲ್ಲಿದೆ. ಸರಿಯಾದ ದುರಸ್ತಿ ಎಂದರೆ ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸಿ, ಸಡಿಲ ಮಣ್ಣು ಮತ್ತು ನೀರು ತೆಗೆದು, ಅಂಟು ಡಾಂಬರು ಸವರಿ, ಬಿಸಿ ಮಿಶ್ರಣ ತುಂಬಿ, ಬಿಸಿ ಆರುವ ಮೊದಲೇ ರೋಲರ್ ಹಾಯಿಸುವುದು. ಗುಂಡಿಗೆ ಬರೀ ಜಲ್ಲಿಪುಡಿ ಸುರಿದು ಹೋದರೆ ಮುಂದಿನ ಮಳೆಗೆ ಅದು ಮತ್ತೆ ಬಾಯಿ ತೆರೆಯುತ್ತದೆ. ಆದರೆ ಎರಡಕ್ಕೂ ದೂರಿನ ಪಟ್ಟಿಯಲ್ಲಿ ‘ಇತ್ಯರ್ಥ’ ಎಂದೇ ನಮೂದಾಗಬಹುದು.

ಕಚೇರಿಯ ಕಡೆಯಿಂದ ಇದೇ ಕೆಲಸ ಕಾಣುವುದು ಅಳತೆ ಪುಸ್ತಕದ ಮೂಲಕ. ಎಂ.ಬಿ. ಎಂದು ಎಲ್ಲರೂ ಹೇಳುವ ಈ ಪುಸ್ತಕದಲ್ಲಿ ಎಂಜಿನಿಯರ್ ಕಾಮಗಾರಿಯ ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಮೇಲಿನ ಎಂಜಿನಿಯರ್ ಪರಿಶೀಲನಾ ಅಳತೆ ಮಾಡಿ ಸಹಿ ಹಾಕುತ್ತಾರೆ. ಆ ಅಂಕಿಗಳಿಂದ ಬಿಲ್ ತಯಾರಾಗುತ್ತದೆ. ಉದ್ದ ಮತ್ತು ಅಗಲವನ್ನು ಯಾರು ಬೇಕಾದರೂ ಟೇಪು ಹಿಡಿದು ಅಳೆಯಬಹುದು. ದಪ್ಪವನ್ನು ಮಾತ್ರ ರಸ್ತೆ ಹಾಕುವಾಗ ನೋಡಬೇಕು, ಇಲ್ಲವೇ ಆಮೇಲೆ ಯಂತ್ರದಿಂದ ಕೊರೆದು ತುಂಡು ತೆಗೆಯಬೇಕು. ನಷ್ಟಕ್ಕೆ ಹೆಚ್ಚು ಅವಕಾಶವಿರುವುದು ಈ ದಪ್ಪದಲ್ಲೇ: ನಾಲ್ಕು ಸೆಂಟಿಮೀಟರ್ ಇರಬೇಕಾದ ಪದರ ಮೂರಾದರೆ ಮಿಶ್ರಣದ ಕಾಲುಭಾಗ ಉಳಿಯುತ್ತದೆ, ಕಣ್ಣಿಗೆ ಏನೂ ಕಾಣದು. ಅಳತೆ ಬರೆಯುವವರು, ಪರಿಶೀಲಿಸುವವರು, ಬಿಲ್ ಕಳಿಸುವವರು ಎಲ್ಲರೂ ಒಂದೇ ಇಲಾಖೆಯ ಒಂದೇ ಸರಪಳಿಯಲ್ಲಿದ್ದಾರೆ. ಎಂ.ಬಿ.ಯ ಪ್ರತಿ ಪಡೆಯಲು ನಾಗರಿಕರಿಗೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರಡಿ ಉತ್ತರಕ್ಕೆ ಕಾನೂನು ಕೊಡುವ ಗಡುವೇ 30 ದಿನ. ಅಷ್ಟರಲ್ಲಿ ಬಿಲ್ ಪಾವತಿಯಾಗಿರಲು ಸಾಧ್ಯ.

ಹಳ್ಳಿಗಳಲ್ಲಿ: ಗ್ರಾಮಸಭೆ ಮತ್ತು ಜಮಾಬಂದಿ

ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ ಮೇಲ್ವಿಚಾರಣೆಯ ಕಾನೂನು ವ್ಯವಸ್ಥೆ ನಗರಗಳಿಗಿಂತ ಗಟ್ಟಿಯಾಗಿದೆ. ಕೆ.ಆರ್. ರಮೇಶ್ ಕುಮಾರ್ ನೇತೃತ್ವದ ಸಮಿತಿಯ ವರದಿ ಆಧರಿಸಿ 2015ರಲ್ಲಿ ಆದ ತಿದ್ದುಪಡಿ ಕಾಯ್ದೆಗೆ ಗ್ರಾಮ ಸ್ವರಾಜ್ ಎಂಬ ಹೆಸರು ಸೇರಿಸಿದ್ದಲ್ಲದೆ, ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂಬ ಮೆಟ್ಟಿಲುಗಳನ್ನು ಸ್ಪಷ್ಟಪಡಿಸಿತು. ಯಾವ ಓಣಿಗೆ ಚರಂಡಿ, ಯಾವ ಕೇರಿಗೆ ರಸ್ತೆ ಎಂಬ ಪಟ್ಟಿ ಕೆಳಗಿನಿಂದ ಮೇಲೆ ಬರಬೇಕು. ಪಂಚಾಯಿತಿಯೊಳಗೆ ಸೌಕರ್ಯಗಳ ಸಮಿತಿ ಇದೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಜಮಾಬಂದಿ ನಡೆಯುತ್ತದೆ: ಪಂಚಾಯಿತಿಯ ಲೆಕ್ಕ, ಕಾಮಗಾರಿ ಪಟ್ಟಿ, ವೋಚರ್‌ಗಳನ್ನು ಜನರ ಮುಂದಿಟ್ಟು, ಹೊರಗಿನ ಅಧಿಕಾರಿಗಳ ತಂಡ ಕಾಮಗಾರಿಯ ಸ್ಥಳಕ್ಕೆ ಹೋಗಿ ನೋಡುತ್ತದೆ. ಗ್ರಾಮೀಣಾಭಿವೃದ್ಧಿ ಇಲಾಖೆಯ ಪಂಚತಂತ್ರ ತಂತ್ರಾಂಶದಲ್ಲಿ ಪಂಚಾಯಿತಿಯ ಲೆಕ್ಕವೂ, ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶದಲ್ಲಿ ಕಾಮಗಾರಿಯ ಪ್ರಗತಿ ಮತ್ತು ಚಿತ್ರಗಳೂ ದಾಖಲಾಗುತ್ತವೆ. 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯ್ದೆ ಇದಕ್ಕೆ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಸೇರಿಸಿತು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನವಾಯಿಗಳಲ್ಲಿ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದ ಕ್ರಮ ಅದರ ಬೇರು.

ಇಷ್ಟಿದ್ದೂ ಜಮಾಬಂದಿ ಅನೇಕ ಕಡೆ ಔಪಚಾರಿಕವಾಗಲು ಕಾರಣ ಕಾಲದ ಅಂತರ. ಮಾರ್ಚ್‌ನಲ್ಲಿ ಬಿಲ್ ಮುಗಿದ ಕಾಮಗಾರಿಯನ್ನು ಆಗಸ್ಟ್‌ನಲ್ಲಿ ನೋಡುವ ತಂಡ ಮಳೆಯಲ್ಲಿ ಒದ್ದೆಯಾದ ರಸ್ತೆಯನ್ನಷ್ಟೇ ನೋಡುತ್ತದೆ. ಲೋಪ ಕಂಡರೆ ವಸೂಲಾತಿಗೆ ಬರೆಯಬಹುದು. ವಸೂಲಿ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೇರೆ ಪಂಚಾಯಿತಿಗೆ ವರ್ಗವಾಗಿರುತ್ತಾರೆ. ಇನ್ನೊಂದು ಅಂತರ ಎಂಜಿನಿಯರಿಂಗ್‌ನದು. ಅಂದಾಜು ಪಟ್ಟಿ ಮತ್ತು ಅಳತೆ ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಎಂಜಿನಿಯರ್ ಕೈಯಲ್ಲಿದ್ದು, ಅವರ ಮೇಲೆ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಹಿಡಿತವಿಲ್ಲ. ಹಿಡಿತವಿರಬೇಕಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸಭೆಗಳ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಳ ಕಾಲ ಅವು ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದವು. 1987ರಲ್ಲಿ ಎಂಜಿನಿಯರ್ ಉತ್ತರ ಹೇಳುತ್ತಿದ್ದ ಕುರ್ಚಿ ಖಾಲಿ ಬಿದ್ದಿತ್ತು.

ಬೆಂಗಳೂರಿನ ಅನುಭವ

ನಗರಗಳ ಸಮಸ್ಯೆ ಅತಿ ದೊಡ್ಡದಾಗಿ ಕಾಣುವುದು ರಾಜಧಾನಿಯಲ್ಲಿ. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. ಅದರ ವ್ಯಾಪ್ತಿಯ ಸುಮಾರು 13,000 ಕಿಲೋಮೀಟರ್ ರಸ್ತೆಗಳಲ್ಲಿ ಮುಖ್ಯ ಮತ್ತು ಉಪಮುಖ್ಯ ರಸ್ತೆಗಳ ಪಾಲು ಹತ್ತರಲ್ಲಿ ಒಂದರಷ್ಟು. ಉಳಿದದ್ದೆಲ್ಲ ಬಡಾವಣೆಯ ಒಳರಸ್ತೆ. 198 ವಾರ್ಡ್‌ಗಳ ಸಭೆಗೆ 2010 ಮತ್ತು 2015ರಲ್ಲಿ ಚುನಾವಣೆ ನಡೆಯಿತು. ಅದಕ್ಕೆ ಮುಂಚೆ 2006ರಿಂದ 2010ರವರೆಗೆ, ಮತ್ತೆ 2020ರ ಸೆಪ್ಟೆಂಬರ್‌ನಿಂದ ಮುಂದೆ ನಗರಕ್ಕೆ ಚುನಾಯಿತ ಪಾಲಿಕೆ ಇರಲಿಲ್ಲ. ಅವಧಿ ಮುಗಿಯುವ ಮೊದಲೇ ಸ್ಥಳೀಯ ಸಂಸ್ಥೆಗೆ ಚುನಾವಣೆ ನಡೆಯಬೇಕೆಂದು ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದರೂ, ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆಗಳ ಹೆಸರಿನಲ್ಲಿ ದಿನ ಸರಿಯಿತು. 2016ರ ನಿಯಮಗಳ ಆಧಾರದ ಮೇಲೆ ರಚನೆಯಾದ ವಾರ್ಡ್ ಸಮಿತಿಗಳು ತಿಂಗಳಿಗೊಮ್ಮೆ ಸಭೆ ಸೇರುವ ಅಭ್ಯಾಸ ಬೆಳೆಸಿಕೊಳ್ಳುತ್ತಿದ್ದವು. ಸದಸ್ಯರಿಲ್ಲದಂತಾದ ಮೇಲೆ ನೋಡಲ್ ಅಧಿಕಾರಿಗಳು ಸಭೆ ನಡೆಸಿದರು. ಮೇಲ್ವಿಚಾರಣೆಗೆ ಒಳಪಡಬೇಕಾದ ಆಡಳಿತವೇ ಮೇಲ್ವಿಚಾರಣೆಯ ಸಭೆಯ ಅಧ್ಯಕ್ಷತೆ ವಹಿಸಿದಂತಾಯಿತು.

ಇದಕ್ಕೂ ಮೊದಲೇ ನ್ಯಾಯಾಲಯ ಮೇಲ್ವಿಚಾರಣೆಗೆ ಇಳಿದಿತ್ತು. ಬೆಂಗಳೂರಿನ ಗುಂಡಿಗಳ ಬಗ್ಗೆ 2015ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ ಮಹತ್ವದ ಆದೇಶ ನೀಡಿತು. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಗುಂಡಿಯಿಂದ ಹಾನಿಗೊಳಗಾದವರು ಪರಿಹಾರ ಕೇಳಬಹುದೆಂದು ಜನರಿಗೆ ತಿಳಿಸುವಂತೆ ಪಾಲಿಕೆಗೆ ಸೂಚಿಸಿತು. ದೇಶದ ಮಟ್ಟದಲ್ಲಿ ಇದರ ಗಾಂಭೀರ್ಯ ಅರಿವಾಗಿದ್ದು 2018ರಲ್ಲಿ: 2013ರಿಂದ 2017ರವರೆಗೆ ಗುಂಡಿ ಸಂಬಂಧಿತ ಅಪಘಾತಗಳಲ್ಲಿ 14,926 ಮಂದಿ ಸತ್ತಿದ್ದಾರೆಂಬ ಅಂಕಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಹೈಕೋರ್ಟಿನ ಆದೇಶ ಹಕ್ಕನ್ನು ಸ್ಥಾಪಿಸಿತು. ಆದರೆ ನ್ಯಾಯಾಲಯ ಪ್ರತಿ ವಾರ್ಡಿನ ಬಿಲ್ ನೋಡಲಾರದು. ಗುಂಡಿ ಎಷ್ಟು ಮುಚ್ಚಿದಿರಿ ಎಂದು ಕೇಳಬಹುದು, ಪಾಲಿಕೆ ಒಂದು ಸಂಖ್ಯೆಯ ಪ್ರಮಾಣಪತ್ರ ಸಲ್ಲಿಸುತ್ತದೆ, ಮುಂದಿನ ಮಳೆಗೆ ಹೊಸ ಸಂಖ್ಯೆ ಹುಟ್ಟುತ್ತದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರಲ್ಲಿ ಜಾರಿಯಾಗಿ, ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಪ್ರಾಧಿಕಾರವಿದೆ. ಪಾಲಿಕೆ ಚಿಕ್ಕದಾದರೆ ಸದಸ್ಯರಿಗೆ ರಸ್ತೆ ಹತ್ತಿರವಾಗುತ್ತದೆ ಎಂಬುದು ಈ ವಿಭಜನೆಯ ಪರವಾದ ವಾದ. ಒಂದೇ ರಸ್ತೆಯ ಮೇಲೆ ಪಾಲಿಕೆ, ಪ್ರಾಧಿಕಾರ, ಸೇವಾ ಸಂಸ್ಥೆ ಮೂವರ ಹೊಣೆ ಬಿದ್ದರೆ ಹಳೆಯ ಗೊಂದಲ ಇನ್ನೂ ಹೆಚ್ಚುತ್ತದೆ ಎಂಬುದು ಪ್ರತಿವಾದ.

ದೂರು ಮತ್ತು ಮೇಲ್ವಿಚಾರಣೆ

ಕಳೆದ ಎರಡು ದಶಕಗಳಲ್ಲಿ ಸರ್ಕಾರಗಳು ಹೆಚ್ಚು ಹುರುಪಿನಿಂದ ಕಟ್ಟಿದ್ದು ದೂರು ಸ್ವೀಕರಿಸುವ ವ್ಯವಸ್ಥೆಗಳನ್ನು. ಸಹಾಯವಾಣಿ, ಆ್ಯಪ್, ವಾಟ್ಸ್ಆ್ಯಪ್ ಸಂಖ್ಯೆ, ಜನಸ್ಪಂದನ ಸಭೆ ಹೀಗೆ. ಇವುಗಳಿಂದ ಪ್ರಯೋಜನವಿದೆ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ಸಕಾಲ ಇದಕ್ಕೆ ಒಳ್ಳೆಯ ಉದಾಹರಣೆ: ಅರ್ಜಿ ಕೊಟ್ಟವರಿಗೆ ಜಿಎಸ್‌ಸಿ ಎಂಬ ಸ್ವೀಕೃತಿ ಸಂಖ್ಯೆ ಸಿಗುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಜನನ ಪ್ರಮಾಣಪತ್ರ, ಖಾತೆ ವರ್ಗಾವಣೆಯಂಥ ಸೇವೆಗಳಲ್ಲಿ ಈ ಮಾದರಿ ಹೊಂದುತ್ತದೆ, ಏಕೆಂದರೆ ಅಲ್ಲಿ ಅರ್ಜಿದಾರ ಒಬ್ಬ, ಕಾಗದ ಒಂದು, ಸಹಿ ಹಾಕಬೇಕಾದ ಅಧಿಕಾರಿ ಒಬ್ಬ. ರಸ್ತೆಗೆ ಅರ್ಜಿದಾರರಿಲ್ಲ, ಸಾವಿರ ಜನ ಬಳಸುವ ರಸ್ತೆ ಯಾರ ಹೆಸರಿನಲ್ಲೂ ಇಲ್ಲ. ದೂರಿನ ಪಟ್ಟಿಯನ್ನೇ ಕೆಲಸದ ಪಟ್ಟಿ ಮಾಡಿಕೊಂಡರೆ ಫೋನು ಹಿಡಿದು ಚಿತ್ರ ಕಳಿಸಬಲ್ಲ ಬಡಾವಣೆಯ ಗುಂಡಿ ಮೊದಲು ಮುಚ್ಚುತ್ತದೆ, ದೂರು ಬರೆಯದ ಕೊಳೆಗೇರಿಯ ಚರಂಡಿ ಹಾಗೇ ಉಳಿಯುತ್ತದೆ. ದೂರು ರೋಗದ ಲಕ್ಷಣವನ್ನಷ್ಟೇ ತೋರಿಸುತ್ತದೆ. ಮೂರು ಸೆಂಟಿಮೀಟರ್ ದಪ್ಪಕ್ಕೆ ನಾಲ್ಕು ಸೆಂಟಿಮೀಟರಿನ ಬಿಲ್ ಆಯಿತೇ ಎಂದು ಹೇಳುವುದಿಲ್ಲ.

ಜನಾಭಿಪ್ರಾಯದ ಇನ್ನೊಂದು ಬಗೆ ಬೆಂಗಳೂರಿನಲ್ಲೇ ಹುಟ್ಟಿತು. ಸ್ಯಾಮ್ಯುಯೆಲ್ ಪಾಲ್ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994, 1999 ಮತ್ತು 2003ರಲ್ಲಿ ನಗರದ ಸೇವಾ ಸಂಸ್ಥೆಗಳಿಗೆ ನಾಗರಿಕರ ಅಂಕಪಟ್ಟಿ ಪ್ರಕಟಿಸಿತು. ಮನೆ ಮನೆ ಸಮೀಕ್ಷೆಯಿಂದ ಬಂದ ಮೊದಲ ಅಂಕಪಟ್ಟಿಯಲ್ಲಿ ತೃಪ್ತಿಯ ಮಟ್ಟ ತೀರ ಕೆಳಗಿತ್ತು. 2003ರ ಹೊತ್ತಿಗೆ ಗಮನಾರ್ಹವಾಗಿ ಏರಿತು. ನಡುವಿನ ವರ್ಷಗಳಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ನಂದನ್ ನಿಲೇಕಣಿ ಅಧ್ಯಕ್ಷತೆಯ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತ್ತು, ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕ ವೇದಿಕೆಯಲ್ಲಿ ತಮ್ಮ ಗುರಿ ಮತ್ತು ಸಾಧನೆ ಹೇಳಬೇಕಾಗುತ್ತಿತ್ತು. ದೂರಿಗೂ ಅಂಕಪಟ್ಟಿಗೂ ಇರುವ ವ್ಯತ್ಯಾಸ ಇಲ್ಲಿದೆ: ಅಂಕಪಟ್ಟಿ ದೂರು ಕೊಡದವರನ್ನೂ ಕೇಳುತ್ತದೆ, ಒಂದು ಸಂಸ್ಥೆಯನ್ನು ಇನ್ನೊಂದರ ಪಕ್ಕ ನಿಲ್ಲಿಸುತ್ತದೆ. ಆದರೆ ಟಾಸ್ಕ್ ಫೋರ್ಸ್ ಸರ್ಕಾರದ ಆದೇಶದಿಂದ ಹುಟ್ಟಿದ್ದರಿಂದ 2004ರಲ್ಲಿ ಸರ್ಕಾರ ಬದಲಾದಾಗ ಕೊನೆಯಾಯಿತು. ಕಾಯ್ದೆಯಲ್ಲಿ ಬೇರು ಬಿಡದ ಮೇಲ್ವಿಚಾರಣೆಗೆ ಆಯುಷ್ಯ ಕಡಿಮೆ.

ಪ್ರಯೋಗಗಳು ತೋರಿಸಿದ್ದು

ಯಾವ ಬಗೆಯ ಮೇಲ್ವಿಚಾರಣೆ ರಸ್ತೆಯ ಹಣ ಉಳಿಸುತ್ತದೆ ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷ್ಯ ಇಂಡೊನೇಷ್ಯಾದಿಂದ ಬಂದಿದೆ. ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಅಲ್ಲಿನ 608 ಹಳ್ಳಿಗಳ ರಸ್ತೆ ಕಾಮಗಾರಿಗಳಲ್ಲಿ ಪ್ರಯೋಗ ನಡೆಸಿ 2007ರಲ್ಲಿ ಪ್ರಕಟಿಸಿದರು. ಎಂಜಿನಿಯರುಗಳು ರಸ್ತೆ ಅಗೆದು ಮಾದರಿ ತೆಗೆದು, ಬಳಸಿದ ಸಾಮಗ್ರಿಯನ್ನೂ ಲೆಕ್ಕದಲ್ಲಿ ತೋರಿಸಿದ್ದನ್ನೂ ಹೋಲಿಸಿದರು. ಕೆಲವು ಹಳ್ಳಿಗಳಿಗೆ ಸರ್ಕಾರಿ ಲೆಕ್ಕಪರಿಶೋಧನೆ ಖಂಡಿತ ಬರುತ್ತದೆಂದು ಮೊದಲೇ ತಿಳಿಸಿದ್ದರು. ಪರಿಶೋಧನೆಯ ಸಂಭವ ಸುಮಾರು ಶೇ 4ರಿಂದ ಶೇ 100ಕ್ಕೆ ಏರಿದ ಅಂಥ ಕಡೆಗಳಲ್ಲಿ ಲೆಕ್ಕಕ್ಕೆ ಸಿಗದ ವೆಚ್ಚ ಸುಮಾರು 8 ಶೇಕಡಾ ಅಂಶಗಳಷ್ಟು ಇಳಿಯಿತು. ಊರ ಸಭೆಗಳಿಗೆ ಹೆಚ್ಚು ಜನರನ್ನು ಕರೆದ ಕಡೆ ಒಟ್ಟು ಪರಿಣಾಮ ಅಲ್ಪವಾಗಿತ್ತು. ಕೂಲಿಯ ಲೆಕ್ಕದಲ್ಲಿ ಕಳ್ಳತನ ಇಳಿದರೂ ಸಾಮಗ್ರಿಯಲ್ಲಿ ಇಳಿಯಲಿಲ್ಲ. ಕೂಲಿ ಯಾರಿಗೆ ಸಿಕ್ಕಿತು ಎಂಬುದು ಊರವರಿಗೆ ಗೊತ್ತು, ಜಲ್ಲಿಯ ದಪ್ಪ ಗೊತ್ತಿಲ್ಲ. ಗ್ರಾಮಸಭೆಯ ಬಲ ಮತ್ತು ಮಿತಿ ಎರಡನ್ನೂ ಈ ಫಲಿತಾಂಶ ಒಟ್ಟಿಗೆ ಹೇಳುತ್ತದೆ.

ಎರಡನೆಯ ಸಾಕ್ಷ್ಯ ಮನೆಯಂಗಳದ್ದೇ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನಿರ್ಮಾಣದ ಒಪ್ಪಂದದಲ್ಲೇ ಐದು ವರ್ಷದ ನಿರ್ವಹಣೆಯನ್ನು ಸೇರಿಸಿತು. ರಸ್ತೆ ಮಾಡಿದವನೇ ಐದು ವರ್ಷ ಅದನ್ನು ಕಾಯಬೇಕು. ಗುಣಮಟ್ಟಕ್ಕೆ ಕಾಮಗಾರಿ, ರಾಜ್ಯ ಮತ್ತು ರಾಷ್ಟ್ರ ಎಂಬ ಮೂರು ಹಂತದ ತಪಾಸಣೆಯಿದೆ. ಮುಂದೆ ಇ-ಮಾರ್ಗ್ ತಂತ್ರಾಂಶ ಬಂದ ಮೇಲೆ ನಿರ್ವಹಣೆಯ ಪಾವತಿ ರಸ್ತೆಯ ಸ್ಥಿತಿಯ ತಪಾಸಣೆಗೆ ತಳುಕು ಹಾಕಿಕೊಂಡಿತು. ರಸ್ತೆ ಚೆನ್ನಾಗಿದ್ದರೆ ಹಣ, ಇಲ್ಲದಿದ್ದರೆ ಕಡಿತ ಎಂಬ ಈ ತತ್ವ ಪುರಸಭೆಯ ಒಳರಸ್ತೆಗಳಿಗೆ ಇನ್ನೂ ಸಾಮಾನ್ಯ ಕ್ರಮವಾಗಿಲ್ಲ. ಮೂರನೆಯ ಸಾಕ್ಷ್ಯ ಇಂಗ್ಲೆಂಡಿನದು. ಅಲ್ಲಿ 1961ರ ಕಾಯ್ದೆಯೊಂದು ರಸ್ತೆ ದುರಸ್ತಿ ಮಾಡದ ಪ್ರಾಧಿಕಾರಕ್ಕಿದ್ದ ಹಳೆಯ ರಕ್ಷಣೆಯನ್ನು ತೆಗೆದುಹಾಕಿತು. ಈಗಿನ 1980ರ ಹೆದ್ದಾರಿ ಕಾಯ್ದೆಯಂತೆ, ತಾನು ಕ್ರಮವಾಗಿ ತಪಾಸಣೆ ಮಾಡಿ ಸಮಂಜಸ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಿದರಷ್ಟೇ ಪ್ರಾಧಿಕಾರ ಹೊಣೆಯಿಂದ ಪಾರಾಗಬಹುದು. ಹೀಗಾಗಿ ಅಲ್ಲಿನ ಕೌನ್ಸಿಲ್‌ಗಳಿಗೆ ತಪಾಸಣೆಯ ದಾಖಲೆ ಇಡುವುದು ಸ್ವಂತ ಹಿತದ ಕೆಲಸವಾಯಿತು. ಗುಂಡಿಗಳು ಅಲ್ಲೂ ಇವೆ, ಹಣದ ಕೊರತೆಯೂ ಇದೆ. ಆದರೆ ಯಾವ ರಸ್ತೆಯನ್ನು ಕೊನೆಯ ಬಾರಿ ಯಾವಾಗ ನೋಡಲಾಯಿತು ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಸಿಗುತ್ತದೆ.

ಆಕ್ಷೇಪಗಳು

ಹಣವೇ ಇಲ್ಲದ ಸಂಸ್ಥೆಗೆ ಮೇಲ್ವಿಚಾರಣೆ ಹೇರಿ ಫಲವೇನು ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯವಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ರಸ್ತೆಯೂ ಸೇರಿ ಉಳಿದೆಲ್ಲ ಅಗತ್ಯಗಳು ಮಿಕ್ಕ ಶೇ 40ನ್ನು ಹಂಚಿಕೊಳ್ಳಬೇಕಿತ್ತು. ಆದರೆ ಹಣದ ಕೊರತೆ ಹೆಚ್ಚು ಕಾಡುವುದು ನಿರ್ವಹಣೆಗೆ, ಹೊಸ ಕಾಮಗಾರಿಗಲ್ಲ. ಗುದ್ದಲಿಪೂಜೆಗೆ ಫಲಕ ಹಾಕಬಹುದು, ಚರಂಡಿ ಹೂಳೆತ್ತಿದ್ದಕ್ಕೆ ಯಾರೂ ಫಲಕ ಹಾಕುವುದಿಲ್ಲ. ಯಾವ ರಸ್ತೆಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಬೇಕು ಎಂಬ ಪಟ್ಟಿ ಇಲ್ಲದ ಪುರಸಭೆ ರಾಜ್ಯ ಹಣಕಾಸು ಆಯೋಗದ ಮುಂದೆ ನಿರ್ವಹಣಾ ಅನುದಾನವನ್ನು ಸಾಧಾರವಾಗಿ ಕೇಳಲಾರದು. ಲೆಕ್ಕ ತೋರಿಸುವ ಸಂಸ್ಥೆಗೆ ತೆರಿಗೆ ಕೇಳುವ ನೈತಿಕ ಬಲವೂ ಹೆಚ್ಚು.

ರಸ್ತೆಯ ತಾಂತ್ರಿಕತೆ ಜನರಿಗೆ ಅರ್ಥವಾಗದು ಎಂಬುದು ಎರಡನೆಯ ಆಕ್ಷೇಪ. ಓಲ್ಕೆನ್ ಪ್ರಯೋಗ ಇದನ್ನು ಒಂದು ಮಟ್ಟಿಗೆ ಒಪ್ಪುತ್ತದೆ. ಪರಿಹಾರ ಜನರನ್ನು ಹೊರಗಿಡುವುದರಲ್ಲಿಲ್ಲ, ಕೆಲಸ ಹಂಚುವುದರಲ್ಲಿದೆ. ದಪ್ಪ ಅಳೆಯುವುದು, ಮಿಶ್ರಣ ಪರೀಕ್ಷಿಸುವುದು ಕಾಮಗಾರಿಗೆ ಸಂಬಂಧವಿಲ್ಲದ ತಜ್ಞರ ಪಾಲಿಗಿರಲಿ. ಉದಾಹರಣೆಗೆ ಬೇರೆ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯ. ಕಾಮಗಾರಿ ನಿಜವಾಗಿ ಇದೆಯೇ, ಒಂದೇ ರಸ್ತೆಗೆ ಎರಡು ಬಿಲ್ ಆಗಿದೆಯೇ, ಚರಂಡಿಯ ಇಳಿಜಾರು ಸರಿಯಾದ ಕಡೆಗಿದೆಯೇ, ರಸ್ತೆಯ ಮಟ್ಟ ಏರಿ ಮನೆಯೊಳಗೆ ನೀರು ನುಗ್ಗುತ್ತಿದೆಯೇ ಎಂಬುದನ್ನು ಆ ಓಣಿಯವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಬಿಲ್ ತಡೆಯುವ ಅಧಿಕಾರ ಹೆಚ್ಚು ಕೈಗಳಿಗೆ ಹೋದರೆ ಪಾಲು ಕೇಳುವ ಕೈಗಳೂ ಹೆಚ್ಚುತ್ತವೆ ಎಂಬ ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಆರೋಪಿಸಿತ್ತು. ಬಿಲ್ ಬಾಕಿಯ ಅಳಲು ಎಲ್ಲ ಸರ್ಕಾರಗಳ ಕಾಲದಲ್ಲೂ ಕೇಳಿಬಂದಿದೆ. ತಡೆಯುವ ಅಧಿಕಾರವನ್ನು ವ್ಯಕ್ತಿಯ ಇಚ್ಛೆಗೆ ಬಿಟ್ಟರೆ ಈ ಭಯ ನಿಜವಾಗುತ್ತದೆ. ಆದ್ದರಿಂದ ಅದು ನಿಯಮಕ್ಕೆ ಕಟ್ಟುಬಿದ್ದಿರಬೇಕು: ತಪಾಸಣೆಗೆ ಕಾಮಗಾರಿಗಳನ್ನು ಚೀಟಿ ಎತ್ತಿ ಆರಿಸಬೇಕು, ಆಕ್ಷೇಪ ಲಿಖಿತವಾಗಿ ಕಾರಣಸಹಿತ ಬರಬೇಕು, ಗೊತ್ತಾದ ದಿನಗಳೊಳಗೆ ಆಕ್ಷೇಪ ಬಾರದಿದ್ದರೆ ಬಿಲ್ ತಾನಾಗಿ ಮುಂದೆ ಹೋಗಬೇಕು, ಇಡೀ ಮೊತ್ತದ ಬದಲು ಒಂದು ಪಾಲನ್ನಷ್ಟೇ ತಡೆಹಿಡಿಯಬೇಕು. ತಪಾಸಣೆಯ ಭಯಕ್ಕೆ ಎಂಜಿನಿಯರುಗಳು ಸಹಿಯನ್ನೇ ಹಾಕದೆ ಕೂರುತ್ತಾರೆ ಎಂಬ ಅಳುಕಿಗೂ ಇದೇ ಉತ್ತರ. ಏನನ್ನು, ಯಾವಾಗ, ಹೇಗೆ ನೋಡುತ್ತಾರೆಂದು ಮೊದಲೇ ಗೊತ್ತಿರುವ ತಪಾಸಣೆ ಪ್ರಾಮಾಣಿಕ ಎಂಜಿನಿಯರ್‌ಗೆ ರಕ್ಷಣೆಯೂ ಆಗುತ್ತದೆ.

ಚುನಾಯಿತ ಸದಸ್ಯರೇ ಗುತ್ತಿಗೆದಾರರ ಜೊತೆ ಸೇರಿಕೊಂಡಿರುವಾಗ ಆಡಳಿತಾಧಿಕಾರಿಯೇ ಮೇಲು ಎಂಬ ಮಾತನ್ನೂ ಕೇಳುತ್ತೇವೆ. ಆ ನಂಟು ಇರುವ ಕಡೆ ಇದೆ. ಆದರೆ 2020ರ ನಂತರ ಬೆಂಗಳೂರು ಆಡಳಿತಾಧಿಕಾರಿಗಳ ಕೈಯಲ್ಲಿ ವರ್ಷಗಟ್ಟಲೆ ಇದ್ದರೂ ಗುಂಡಿಯ ಪ್ರಕರಣ ಹೈಕೋರ್ಟಿನಲ್ಲಿ ಮುಂದುವರಿಯಿತು. ಸದಸ್ಯರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು, ವರ್ಗಾವಣೆಯಾಗಿ ಹೋಗುವ ಅಧಿಕಾರಿಯನ್ನು ಮತದಾರರು ಕೇಳಲಾರರು. ಚುನಾವಣೆ ಮಾತ್ರದಿಂದ ರಸ್ತೆ ಸರಿಯಾಗದು ಎಂಬುದು ಒಪ್ಪತಕ್ಕದ್ದೇ. ಚುನಾವಣೆಯಿಲ್ಲದೆ ಮೇಲ್ವಿಚಾರಣೆಗೆ ಒಡೆಯರೇ ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಅಳತೆಗೋಲು

ಹೊಸ ಕಾಯ್ದೆ, ಹೊಸ ಪಾಲಿಕೆ, ಹೊಸ ಆ್ಯಪ್ ಬಂದಾಗ ಅದರ ಬಲವನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು. ಈ ರಸ್ತೆ ಯಾರದು, ಇದರ ದೋಷ ಬಾಧ್ಯತೆ ಎಂದಿನವರೆಗೆ ಎಂಬುದನ್ನು ಓಣಿಯಲ್ಲಿ ನಿಂತೇ ತಿಳಿಯಬಹುದೇ? ಅದರ ಅಂದಾಜು ಪಟ್ಟಿ ಮತ್ತು ಎಂ.ಬಿ. ಬಿಲ್ ಪಾವತಿಯ ಮೊದಲೇ ವಾರ್ಡ್ ಸಮಿತಿ ಅಥವಾ ಗ್ರಾಮಸಭೆಯ ಮುಂದೆ ಬರುತ್ತದೆಯೇ? ಹೊರಗಿನ ತಪಾಸಣೆಯಲ್ಲಿ ದೋಷ ಕಂಡರೆ ಹಣ ನಿಲ್ಲುತ್ತದೆಯೇ? ಮೂರಕ್ಕೂ ಹೌದು ಎನ್ನಬಲ್ಲ ಪುರಸಭೆ ಸಣ್ಣದಾದರೂ ತನ್ನ ರಸ್ತೆಗಳನ್ನು ಕಾಯಬಲ್ಲದು. ಇದಕ್ಕೆ ಬೇಕಾದ ಬಿಡಿಭಾಗಗಳು ಕರ್ನಾಟಕದಲ್ಲಿ ಈಗಾಗಲೇ ಇವೆ: ಜಮಾಬಂದಿಯ ಸ್ಥಳ ಪರಿಶೀಲನೆ, ಗಾಂಧಿ ಸಾಕ್ಷಿ ಕಾಯಕದ ದಾಖಲೆ, ಸಡಕ್ ಯೋಜನೆಯ ಸ್ಥಿತಿ ಆಧಾರಿತ ಪಾವತಿ, ವಾರ್ಡ್ ಸಮಿತಿಯ ಮಾಸಿಕ ಸಭೆ. ಇವುಗಳನ್ನು ಬಿಲ್ಲಿನ ಹಿಂದಿನಿಂದ ಬಿಲ್ಲಿನ ಮುಂದಕ್ಕೆ ತರಲು ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಪಾವತಿಯ ನಿಯಮ ತಿದ್ದಿ, ಸಕಾಲಕ್ಕೆ ಚುನಾವಣೆ ನಡೆಸಿದರೆ ಆರಂಭಕ್ಕೆ ಅಷ್ಟು ಸಾಕು.